ಮಿರ್ಚಿ ಕಾಗದ ಮತ್ತು ಗೀರು ಬಿದ್ದ ನೆಗೆಟಿವ್

ಮಕ್ಕಳೇ, ಕೊಪ್ಪಳದ ಗವಿಮಠದ ಜಾತ್ರೆಯಲ್ಲೋ, ಕುಷ್ಟಗಿಯ ಸಂತೆಯಲ್ಲೋ, ಗಂಗಾವತಿಯ ಬಸ್‌ಸ್ಟ್ಯಾಂಡಿನ ಹತ್ತಿರವೋ ನೀವು ಮಿರ್ಚಿ ತಿಂದೇ ತಿಂದಿರುತ್ತೀರಿ. ಬಾಣಲೆಯಿಂದ ಎತ್ತಿದ ಬಿಸಿ ಮಿರ್ಚಿಯನ್ನು ಅಂಗಡಿಯವರು ಪೇಪರಿನ ತುಂಡಿನ ಮೇಲಿಟ್ಟು ಕೊಡುತ್ತಾರೆ. ತಿಂದಾದ ಮೇಲೆ ಆ ಕಾಗದವನ್ನು ಕೂಡಲೇ ಎಸೆಯಬೇಡಿ. ಬಿಸಿಲಿಗೆ ಹಿಡಿದು ನೋಡಿ. ಎಣ್ಣೆ ಹತ್ತಿದ ಕಡೆ ಬೆಳಕು ಪಾರಾಗಿ ಬರುತ್ತದೆ, ಹಿಂದಿನ ಮಗ್ಗುಲಿನ ಅಕ್ಷರಗಳೂ ತಿರುಗುಮುರುಗಾಗಿ ಕಾಣುತ್ತವೆ. ಎಣ್ಣೆ ಹತ್ತದ ಕಡೆ ಕಾಗದ ಮೊದಲಿನಂತೆ ಮಂಕಾಗಿಯೇ ಇದೆ. ಎಣ್ಣೆ ಕಾಗದವನ್ನು ತೆಳ್ಳಗೆ ಮಾಡಲಿಲ್ಲ, ತೂತು ಕೊರೆಯಲಿಲ್ಲ. ಹಾಗಾದರೆ ಬೆಳಕಿಗೆ ದಾರಿ ಸಿಕ್ಕಿದ್ದು ಹೇಗೆ?

ಇದರ ಉತ್ತರ ತಿಳಿದರೆ, ನಿಮ್ಮ ಅಜ್ಜನ ಟ್ರಂಕಿನಲ್ಲಿ ಬಿದ್ದಿರುವ ಗೀರು ಬಿದ್ದ ನೆಗೆಟಿವ್‌ಗಳಿಂದ ಚೊಕ್ಕ ಫೋಟೊ ಪಡೆಯುವ ಉಪಾಯವೂ ತಿಳಿಯುತ್ತದೆ. ಎರಡರ ಹಿಂದಿರುವುದು ಒಂದೇ ವಿಜ್ಞಾನ.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ನೀರಿನೊಳಗೆ ಹೊಕ್ಕರೆ ಅದರ ವೇಗ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಗಾಜಿನಲ್ಲಿ, ಅಡುಗೆ ಎಣ್ಣೆಯಲ್ಲಿ 2 ಲಕ್ಷದ ಆಸುಪಾಸು. ಗಾಳಿಯಲ್ಲಿರುವ ವೇಗ ಬೇರೆ ವಸ್ತುವಿನಲ್ಲಿರುವ ವೇಗಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂದು ತಿಳಿಸುವ ಸಂಖ್ಯೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ನೀರಿಗೆ ಅದು 1.33. ಶೇಂಗಾ ಎಣ್ಣೆಗೆ ಸುಮಾರು 1.47. ಕಿಟಕಿಯ ಗಾಜಿಗೆ ಸುಮಾರು 1.52. ಹೆಸರು ದೊಡ್ಡದು, ವಿಷಯ ಸರಳ. ವೇಗ ಬದಲಾಗುವ ಗಡಿಯಲ್ಲಿ ಓರೆಯಾಗಿ ಬಂದ ಬೆಳಕು ಬಾಗುತ್ತದೆ, ಅದರಲ್ಲಿ ಒಂದಿಷ್ಟು ಪಾಲು ಬಂದ ಕಡೆಗೇ ತಿರುಗಿ ಹೋಗುತ್ತದೆ. ಗಡಿಯ ಎರಡೂ ಕಡೆ ವೇಗ ಒಂದೇ ಇದ್ದರೆ ಬೆಳಕಿನ ಮಟ್ಟಿಗೆ ಅಲ್ಲಿ ಗಡಿಯೇ ಇಲ್ಲ. ಅದು ಬಾಗದೆ, ತಿರುಗದೆ ನೆಟ್ಟಗೆ ಸಾಗುತ್ತದೆ.

ಕಾಗದ ಎಂದರೆ ಸೂಕ್ಷ್ಮ ನಾರುಗಳ ಹೆಣಿಗೆ. ನಾರುಗಳ ನಡುವೆ ಗಾಳಿ ತುಂಬಿರುತ್ತದೆ. ಬೆಳಕು ಒಂದು ನಾರನ್ನು ದಾಟಿ ಗಾಳಿಗೆ, ಗಾಳಿಯಿಂದ ಮತ್ತೊಂದು ನಾರಿಗೆ ಹೋಗಬೇಕು. ಪ್ರತಿ ಗಡಿಯಲ್ಲೂ ಅದು ಬಾಗುತ್ತದೆ, ಚದುರುತ್ತದೆ. ಇಂಥ ಗಡಿಗಳು ಸಾವಿರಾರು ಇರುವುದರಿಂದ ಬೆಳಕೆಲ್ಲ ದಿಕ್ಕು ತಪ್ಪಿ, ಬಹುಪಾಲು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಅದಕ್ಕೇ ಕಾಗದ ಬೆಳ್ಳಗೆ ಕಾಣುತ್ತದೆ. ಎಣ್ಣೆ ಆ ಗಾಳಿಯನ್ನು ಹೊರದೂಡಿ ತಾನು ಕೂರುತ್ತದೆ. ನಾರಿನಲ್ಲೂ ಎಣ್ಣೆಯಲ್ಲೂ ಬೆಳಕಿನ ವೇಗ ಹೆಚ್ಚುಕಡಿಮೆ ಒಂದೇ. ಗಡಿಗಳು ಅಳಿಸಿಹೋದಂತಾಗಿ ಬೆಳಕು ಆಚೆ ದಾಟುತ್ತದೆ.

ಇನ್ನು ನೆಗೆಟಿವ್ ವಿಚಾರಕ್ಕೆ ಬರೋಣ. ನಿಮಗೆ ಫೋಟೊ ಎಂದರೆ ಮೊಬೈಲು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅಂದರೆ 1997ಕ್ಕೂ ಮೊದಲು, ಮದುವೆ, ಜವಳ, ಶಾಲೆಯ ಗುಂಪು ಫೋಟೊ ಎಲ್ಲವೂ ರೀಲಿನ ಮೇಲೆ ಮೂಡುತ್ತಿದ್ದವು. ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪಿನ ಫಿಲ್ಮು ತಯಾರಿಸುತ್ತಿತ್ತು. ಸ್ಟುಡಿಯೋದವರು ರೀಲನ್ನು ಕತ್ತಲ ಕೋಣೆಯಲ್ಲಿ ತೊಳೆದು, ಪ್ರಿಂಟು ಹಾಕಿ, ನೆಗೆಟಿವ್ ಪಟ್ಟಿಗಳನ್ನೂ ಕವರಿನಲ್ಲಿಟ್ಟು ಕೊಡುತ್ತಿದ್ದರು. ಫೋಟೊಗಳು ಗೋಡೆಗೆ, ಆಲ್ಬಮ್ಮಿಗೆ ಹೋದವು. ನೆಗೆಟಿವ್‌ಗಳು ಟ್ರಂಕಿನ ತಳ ಸೇರಿದವು.

ಆ ಪಟ್ಟಿಯ ಅಡಿಯಲ್ಲಿರುವುದು ಸೆಲ್ಯುಲೋಸ್ ಅಸಿಟೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಅದರ ಒಂದು ಮುಖಕ್ಕೆ ಜೆಲಾಟಿನ್ ಎಂಬ ಅಂಟುಪದಾರ್ಥದ ತೆಳು ಲೇಪ. ಜೆಲಾಟಿನ್ ಒಳಗೆ ಬೆಳ್ಳಿಯ ಕಣಗಳು. ಹೌದು, ಆಭರಣದ ಬೆಳ್ಳಿಯೇ! ಆದರೆ ತೀರ ಸಣ್ಣ ಕಣಗಳಾಗಿರುವುದರಿಂದ ಕಪ್ಪಾಗಿ ಕಾಣುತ್ತದೆ. ಬೆಳಕು ಹೆಚ್ಚು ಬಿದ್ದ ಕಡೆ ಬೆಳ್ಳಿ ಹೆಚ್ಚು ಉಳಿದು ಕಪ್ಪಾಗುತ್ತದೆ. ಆದ್ದರಿಂದ ಅಜ್ಜನ ಬಿಳಿ ಧೋತರ ನೆಗೆಟಿವ್‌ನಲ್ಲಿ ಕರಿ, ಕರಿ ಮೀಸೆ ಬಿಳಿ. ಸಾಮಾನ್ಯ 35 ಮಿಲಿಮೀಟರ್ ರೀಲಿನಲ್ಲಿ ಒಂದು ಚಿತ್ರದ ಅಳತೆ 24 ಮತ್ತು 36 ಮಿಲಿಮೀಟರ್, ಒಂದು ಅಂಚೆಚೀಟಿಯಷ್ಟು. ಅಷ್ಟರಲ್ಲೇ ಇಡೀ ಮದುವೆ ಚಪ್ಪರ ಇರುತ್ತದೆ. ಅದನ್ನು ಸ್ಕ್ಯಾನರಿನಲ್ಲಿ ಹತ್ತು ಪಟ್ಟು, ಇಪ್ಪತ್ತು ಪಟ್ಟು ದೊಡ್ಡದು ಮಾಡಿದಾಗ ಕೂದಲೆಳೆಯಷ್ಟು ಗೀರೂ ಹಗ್ಗದಷ್ಟು ದಪ್ಪ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಗೀರಿಗೆ ಬರವಿಲ್ಲ. ಎರಿ ಹೊಲದ ದೂಳು, ಬೇಸಿಗೆಯ ಒಣ ಗಾಳಿ ಟ್ರಂಕಿನೊಳಗೂ ನುಗ್ಗುತ್ತವೆ. ದೂಳಿನಲ್ಲಿರುವ ಮರಳಿನ ಕಣ ಪ್ಲಾಸ್ಟಿಕ್ಕಿಗಿಂತ ಬಹಳ ಗಟ್ಟಿ. ಪಟ್ಟಿಯ ಮೇಲೆ ಪಟ್ಟಿ ಉಜ್ಜಿದರೆ ಸಾಕು, ಗೀರು ಬಿತ್ತು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಕೇಳಿ. ಪ್ಲಾಸ್ಟಿಕ್ಕಿನ ಬೆನ್ನಿನ ಮೇಲೆ ಬಿದ್ದ ಗೀರಿನಲ್ಲಿ ಚಿತ್ರದ ಒಂದು ಕಣವೂ ಹೋಗಿರುವುದಿಲ್ಲ! ಬೆಳ್ಳಿ ಇರುವುದು ಇನ್ನೊಂದು ಮುಖದಲ್ಲಿ, ಅದು ಇದ್ದ ಹಾಗೇ ಇದೆ. ಗೀರು ಒಂದು ಸಣ್ಣ ಕಾಲುವೆ, ಅದರ ತುಂಬ ಗಾಳಿ. ಬೆಳಕು ಅದರ ಓರೆ ಗೋಡೆಗಳಿಗೆ ಬಡಿದು ದಿಕ್ಕು ತಪ್ಪುತ್ತದೆ, ಸ್ಕ್ಯಾನರಿನ ಕಣ್ಣಿಗೆ ತಲುಪುವುದಿಲ್ಲ. ಅಲ್ಲಿ ಬೆಳಕು ಕಡಿಮೆಯಾದ್ದರಿಂದ ನೆಗೆಟಿವ್‌ನಲ್ಲಿ ಕಪ್ಪು ಗೆರೆ, ಅದನ್ನು ತಿರುಗಿಸಿ ಫೋಟೊ ಮಾಡಿದಾಗ ಬಿಳಿ ಗೆರೆ. ಜೆಲಾಟಿನ್ ಕಡೆಯ ಗೀರು ಆಳವಾಗಿ ಇಳಿದು ಬೆಳ್ಳಿಯನ್ನೇ ಕಿತ್ತಿದ್ದರೆ ಮಾತ್ರ ಅದು ನಿಜವಾದ ನಷ್ಟ. ಅಂಥ ಗೀರಿನಲ್ಲಿ ಬೆಳಕು ತಡೆಯಿಲ್ಲದೆ ಪಾರಾಗುವುದರಿಂದ ಫೋಟೊದಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ನಿಮ್ಮ ಮನೆಯ ಹಳೆಯ ಫೋಟೊಗಳನ್ನು ಈಗಲೇ ತೆಗೆದು ನೋಡಬಹುದು. ಮುಖದ ಮೇಲೆ ಬಿಳಿ ಎಳೆಗಳಿದ್ದರೆ ಅವುಗಳಿಗೆ ಮದ್ದಿದೆ. ಕಪ್ಪು ಎಳೆಗಳಿಗೆ ಇಲ್ಲ.

ಮದ್ದು ಯಾವುದೆಂದು ನೀವು ಇಷ್ಟರಲ್ಲಿ ಊಹಿಸಿರಬೇಕು. ಮಿರ್ಚಿಯ ಎಣ್ಣೆ ಕಾಗದದಲ್ಲಿ ಮಾಡಿದ ಕೆಲಸವನ್ನೇ ಇಲ್ಲೂ ಒಂದು ದ್ರವದಿಂದ ಮಾಡಿಸಬೇಕು. ಗೀರಿನ ಕಾಲುವೆಯಿಂದ ಗಾಳಿಯನ್ನು ಹೊರಗೆ ಹಾಕಿ, ಪ್ಲಾಸ್ಟಿಕ್ಕಿನಷ್ಟೇ ವಕ್ರೀಭವನ ಸೂಚ್ಯಂಕ ಇರುವ ದ್ರವವನ್ನು ತುಂಬಬೇಕು. ಅಸಿಟೇಟಿನ ಸೂಚ್ಯಂಕ ಸುಮಾರು 1.48. ಗಾಳಿ ಮತ್ತು ಅಸಿಟೇಟ್ ನಡುವಿನ ಗಡಿಯಲ್ಲಿ ನೇರವಾಗಿ ಬಂದ ಬೆಳಕಿನ ನೂರು ಪಾಲಿನಲ್ಲಿ ಸುಮಾರು 4 ಪಾಲು ತಿರುಗಿ ಹೋಗುತ್ತದೆ. ಸೂಚ್ಯಂಕ 1.45 ಇರುವ ದ್ರವ ಸವರಿದರೆ ಆ ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗೀರು ಅಲ್ಲೇ ಇದ್ದರೂ ಬೆಳಕಿಗೆ ಅದರ ಪರಿವೆಯೇ ಇಲ್ಲ.

ಹಿಂದಿನ ಡಾರ್ಕ್‌ರೂಮ್ ಕೆಲಸಗಾರರು ಇದಕ್ಕೆ ಒಂದು ಅಗ್ಗದ ಉಪಾಯ ಕಂಡುಕೊಂಡಿದ್ದರು. ಮೂಗಿನ ಪಕ್ಕದ ಜಿಡ್ಡನ್ನು ಬೆರಳಲ್ಲಿ ಒರೆಸಿ ಗೀರಿನ ಮೇಲೆ ಸವರುತ್ತಿದ್ದರು! ಜಿಡ್ಡು ಗೀರನ್ನು ತುಂಬುತ್ತಿತ್ತು, ಪ್ರಿಂಟಿನಲ್ಲಿ ಬಿಳಿ ಗೆರೆ ಕಾಣುತ್ತಿರಲಿಲ್ಲ. ನೀವು ಇದನ್ನು ಮಾಡಬೇಡಿ. ಚರ್ಮದ ಜಿಡ್ಡು ಫಿಲ್ಮಿಗೆ ಒಳ್ಳೆಯದಲ್ಲ.

ಇದೇ ವಿದ್ಯೆ ನಮ್ಮ ನೆರೆಯಲ್ಲೇ ಇನ್ನೂ ಹಿಂದೆ ನಡೆದಿತ್ತು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ದಡದಲ್ಲಿ ನಿಂತರೆ ತುಂಗಭದ್ರೆಯ ಆಚೆ ಹಂಪಿಯ ಬಂಡೆಗಳು ಕಾಣುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿಗೆ ದೊಡ್ಡ ಕ್ಯಾಮೆರಾ ಹೊತ್ತು ತಂದು ವಿಜಯನಗರದ ಗುಡಿಗಳ ಫೋಟೊ ತೆಗೆದ. ಅಸಿಟೇಟ್ ಫಿಲ್ಮು ಬರುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು. ಅವನ ನೆಗೆಟಿವ್‌ಗಳು ಕಾಗದದವು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ನೆಗೆಟಿವ್ ಮಾಡುವ ವಿಧಾನವನ್ನು 1841ರಲ್ಲಿ ಪೇಟೆಂಟ್ ಮಾಡಿಸಿದ್ದ. ಆದರೆ ಕಾಗದದ ಮೂಲಕ ಬಿಸಿಲು ಹಾಯಿಸಿ ಪ್ರಿಂಟು ತೆಗೆಯುವಾಗ ನಾರುಗಳ ಮಬ್ಬು ಅಡ್ಡ ಬರುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ. ಅದರಲ್ಲಿ ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚುವ ಮೊದಲೇ ಕರಗಿದ ಜೇನುಮೇಣ ಕುಡಿಸಬೇಕು. ಮೇಣ ನಾರುಗಳ ನಡುವಿನ ಗಾಳಿಯ ಜಾಗ ಹಿಡಿಯುತ್ತದೆ, ಕಾಗದ ಬೆಳಕು ಬಿಡುವ ಹಾಳೆಯಾಗುತ್ತದೆ. ಹಾಗೆ ಸಿದ್ಧ ಮಾಡಿದ ಕಾಗದವನ್ನು ಕೆಲವು ದಿನ ಇಟ್ಟುಕೊಂಡು ಬಳಸಬಹುದಾಗಿತ್ತು. ಬಿಸಿಲ ನಾಡಿನಲ್ಲಿ ಊರೂರು ತಿರುಗಿ ಫೋಟೊ ತೆಗೆಯುವವರಿಗೆ ಇದು ದೊಡ್ಡ ಅನುಕೂಲ. ಗ್ರೀನ್‌ಲಾ ಹಂಪಿಯಲ್ಲಿ ಬಳಸಿದ್ದು ಇಂಥ ಮೇಣಗಾಗದವನ್ನೇ.

ಅವನ ನೆಗೆಟಿವ್‌ಗಳು ಬಹುಕಾಲ ಯಾರ ಗಮನಕ್ಕೂ ಬರದೆ ಉಳಿದು, 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲ್ಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿದಿದೆ, ಏನು ಬಿದ್ದಿದೆ ಎಂದು ತಿಳಿಯುತ್ತದೆ. ಅಪ್ಪನ ಹತ್ತಿರ 50 ರೂಪಾಯಿಯ ಹೊಸ ನೋಟು ಕೇಳಿ ಹಿಂಬದಿ ನೋಡಿ. ವಿಠ್ಠಲ ದೇವಾಲಯದ ಕಲ್ಲಿನ ರಥ ಅಲ್ಲಿದೆ. ಈಗ ಆ ರಥದ ನೆತ್ತಿ ಬರಿದಾಗಿದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಮಾತ್ರ ಅದರ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ! ಆ ಶಿಖರವನ್ನು ಆಮೇಲೆ ತೆಗೆದುಹಾಕಿದರು. ಮೇಣ ಕುಡಿದ ಕಾಗದದ ಒಂದು ಹಾಳೆ ಅದನ್ನು ಉಳಿಸಿಕೊಂಡು ಬಂದಿದೆ. ನೆಗೆಟಿವ್ ಎಂದರೆ ಎಂಥ ಆಸ್ತಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನೀವೇ ಮಾಡಿ ನೋಡಬಹುದಾದ ಪ್ರಯೋಗ. ಶಾಲೆಯ ವಿಜ್ಞಾನ ಕೋಣೆಯಲ್ಲಿ ಬೋರೋಸಿಲಿಕೇಟ್ ಗಾಜಿನ ಪ್ರನಾಳ ಇದ್ದರೆ ಗುರುಗಳನ್ನು ಕೇಳಿ ಒಂದನ್ನು ಪಡೆಯಿರಿ. ಒಂದು ಗಾಜಿನ ಲೋಟದಲ್ಲಿ ಮೊದಲು ನೀರು ತುಂಬಿ ಪ್ರನಾಳವನ್ನು ಮುಳುಗಿಸಿ. ಅದರ ಅಂಚುಗಳು ಚೆನ್ನಾಗಿ ಕಾಣುತ್ತವೆ. ಲೋಟವನ್ನೂ ಪ್ರನಾಳವನ್ನೂ ಒರೆಸಿ, ಈ ಸಲ ಶೇಂಗಾ ಎಣ್ಣೆ ತುಂಬಿ ಮುಳುಗಿಸಿ. ಪ್ರನಾಳದ ಒಳಗೂ ಎಣ್ಣೆ ತುಂಬಿಕೊಳ್ಳಬೇಕು, ಗಾಳಿ ಉಳಿಯಬಾರದು. ಮುಳುಗಿದ ಭಾಗ ಕಣ್ಣಿಗೆ ಕಾಣದಂತಾಗುತ್ತದೆ! ಆ ಗಾಜಿನ ಸೂಚ್ಯಂಕವೂ ಸುಮಾರು 1.47, ಶೇಂಗಾ ಎಣ್ಣೆಯದೂ ಸುಮಾರು 1.47. ನೀರಿನ 1.33 ದೂರ ಉಳಿಯಿತು, ಅದಕ್ಕೇ ನೀರಿನಲ್ಲಿ ಪ್ರನಾಳ ಬಚ್ಚಿಟ್ಟುಕೊಳ್ಳಲಿಲ್ಲ. ಕುಷ್ಟಗಿ, ಯಲಬುರ್ಗಾ ಹೊಲಗಳಲ್ಲಿ ಬೆಳೆಯುವ ಶೇಂಗಾದಿಂದಲೇ ಇಷ್ಟು ಚಂದದ ದೃಗ್ವಿಜ್ಞಾನ ಕಲಿಯಬಹುದು. ಪ್ರಯೋಗದ ನಂತರ ಆ ಎಣ್ಣೆಯನ್ನು ಅಡುಗೆಗೆ ಕೊಡಬೇಡಿ, ಪ್ರಯೋಗಕ್ಕೆಂದೇ ಬೇರೆ ಶೀಶೆಯಲ್ಲಿಡಿ.

ಹಾಗಾದರೆ ನೆಗೆಟಿವ್‌ಗೂ ಶೇಂಗಾ ಎಣ್ಣೆ ಸವರಿದರೆ ಆಗದೇ ಎಂದು ನೀವು ಕೇಳುತ್ತೀರಿ. ಸೂಚ್ಯಂಕ ಹೊಂದುತ್ತದೆ ನಿಜ. ಆದರೆ ಎಣ್ಣೆ ಆರುವುದಿಲ್ಲ. ಫಿಲ್ಮಿಗೆ ಅಂಟಿಕೊಂಡು, ಇನ್ನಷ್ಟು ದೂಳು ಹಿಡಿದು, ಕಾಲ ಕಳೆದಂತೆ ಜಿಗುಟಾಗುತ್ತದೆ. ನೀರು? ಅದರ ಸೂಚ್ಯಂಕ ಕಡಿಮೆ. ಜೊತೆಗೆ ಜೆಲಾಟಿನ್ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಮುಟ್ಟಿದರೆ ಹರಿಯುತ್ತದೆ. ಬೇಕಾದದ್ದು ಫಿಲ್ಮಿಗೆ ಹಾನಿ ಮಾಡದೆ, ಕೆಲಸ ಮುಗಿದ ಮೇಲೆ ಕಲೆ ಬಿಡದೆ ಹಾರಿಹೋಗುವ ದ್ರವ. ಸ್ಕ್ಯಾನಿಂಗಿಗೆಂದೇ ಅಂಥ ದ್ರವಗಳನ್ನು ಮಾರುತ್ತಾರೆ. ಅವುಗಳಲ್ಲಿ ಹಲವು ಪೆಟ್ರೋಲಿನ ಬಳಗಕ್ಕೆ ಸೇರಿದವು, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತವೆ, ಅವುಗಳ ಆವಿ ತಲೆನೋವು ತರುತ್ತದೆ. ಆದ್ದರಿಂದ ಆ ಶೀಶೆಯನ್ನು ದೊಡ್ಡವರೇ ಮುಟ್ಟಬೇಕು. ಕಿಟಕಿ ಬಾಗಿಲು ತೆರೆದಿರಬೇಕು. ಒಲೆ, ದೀಪ, ಊದಿನಕಡ್ಡಿ ಹತ್ತಿರವೂ ಇರಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ದೊಡ್ಡವರು ಮಾಡುವುದನ್ನು ನೀವು ದೂರ ನಿಂತು ಗಮನಿಸಬಹುದು. ಸ್ಕ್ಯಾನರಿಗೆ ಹೊಂದುವ ಸ್ವಚ್ಛ ಗಾಜಿನ ಮೇಲೆ ಕೆಲವು ಹನಿ ದ್ರವ ಬಿಡುತ್ತಾರೆ. ಅದರ ಮೇಲೆ ನೆಗೆಟಿವ್ ಇಳಿಸುತ್ತಾರೆ. ನೆಗೆಟಿವ್ ಮೇಲೆ ಮತ್ತೆ ಕೆಲವು ಹನಿ, ಅದರ ಮೇಲೆ ತೆಳುವಾದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತುತ್ತ ಗುಳ್ಳೆಗಳನ್ನು ಹೊರಗೆ ಕಳಿಸುತ್ತಾರೆ. ಈ ಗುಳ್ಳೆ ತೆಗೆಯುವ ಕೆಲಸಕ್ಕೆ ಬಹಳ ತಾಳ್ಮೆ ಬೇಕು. ಒಂದು ಗುಳ್ಳೆ ಉಳಿದರೂ ಅಲ್ಲಿ ಮತ್ತೆ ಗಾಳಿ, ಮತ್ತೆ ಗಡಿ, ಚಿತ್ರದ ಮೇಲೊಂದು ಉಂಗುರ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ದ್ರವ ಬೇಗ ಹಾರುವುದರಿಂದ ಬೆಳಗಿನ ತಂಪಿನಲ್ಲಿ ಈ ಕೆಲಸ ಮಾಡುವುದು ಒಳ್ಳೆಯದು. ಸ್ಕ್ಯಾನ್ ಆದ ಮೇಲೆ ನೆಗೆಟಿವ್ ಎತ್ತಿ ದೂಳಿಲ್ಲದ ಕಡೆ ತೂಗಿಬಿಟ್ಟರೆ ತಾನೇ ಒಣಗುತ್ತದೆ. ಗೀರು ಮತ್ತೆ ಕಾಣಿಸಿಕೊಳ್ಳುತ್ತದೆ, ಯಾಕೆಂದರೆ ಅದು ಹೋಗಿರಲೇ ಇಲ್ಲ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಮಾತ್ರ ಅದು ಇಲ್ಲ.

ದ್ರವದಿಂದ ಇನ್ನೊಂದು ಲಾಭವೂ ಇದೆ. ಒಣ ನೆಗೆಟಿವ್ ಅನ್ನು ಗಾಜಿಗೆ ಒತ್ತಿಟ್ಟರೆ ಎರಡರ ನಡುವೆ ಕೂದಲಿಗಿಂತ ತೆಳುವಾದ ಗಾಳಿಯ ಪದರ ಉಳಿದು, ಚಿತ್ರದ ಮೇಲೆ ಉಂಗುರ ಉಂಗುರವಾದ ಪಟ್ಟೆಗಳು ಮೂಡುತ್ತವೆ. ಇವುಗಳಿಗೆ ನ್ಯೂಟನ್ನನ ಉಂಗುರಗಳು ಎಂದು ಹೆಸರು. ರಾಬರ್ಟ್ ಹುಕ್ 1665ರ ತನ್ನ ಪುಸ್ತಕದಲ್ಲೇ ಇಂಥ ಬಣ್ಣಗಳನ್ನು ವರ್ಣಿಸಿದ್ದ. ನ್ಯೂಟನ್ ಅವುಗಳನ್ನು ಅಳೆದು 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ವಿವರಿಸಿದ. ಗಾಳಿಯ ಪದರವೇ ಇಲ್ಲವಾದ ಮೇಲೆ ಆ ಉಂಗುರಗಳಿಗೂ ಜಾಗವಿಲ್ಲ.

‘ಗೀರು ಅಳಿಸಲು ಕಂಪ್ಯೂಟರ್ ಇದೆಯಲ್ಲ’ ಎಂದು ನಿಮ್ಮ ಅಣ್ಣ ಹೇಳಬಹುದು. ಬಣ್ಣದ ನೆಗೆಟಿವ್‌ಗಳ ವಿಷಯದಲ್ಲಿ ಅವನ ಮಾತು ಬಹುಮಟ್ಟಿಗೆ ಸರಿ. ಕೆಲವು ಸ್ಕ್ಯಾನರುಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹಾಯಿಸಿ ನೋಡುತ್ತವೆ. ಬಣ್ಣದ ಫಿಲ್ಮಿನ ಚಿತ್ರ ಆ ಕಿರಣಕ್ಕೆ ಅಡ್ಡ ಬರುವುದಿಲ್ಲ, ದೂಳು ಮತ್ತು ಗೀರು ಮಾತ್ರ ಅಡ್ಡ ಬರುತ್ತವೆ. ಹೀಗೆ ಅವುಗಳ ಜಾಗ ಗುರುತಿಸಿ ಕಂಪ್ಯೂಟರ್ ತೇಪೆ ಹಾಕುತ್ತದೆ. ಆದರೆ ಅಜ್ಜ ಅಜ್ಜಿಯ ಕಾಲದ ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿಯೂ ಆ ಕಿರಣವನ್ನು ತಡೆಯುತ್ತದೆ. ಗೀರು ಯಾವುದು, ಅಜ್ಜಿಯ ಸೀರೆಯ ಅಂಚು ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಅಲ್ಲದೆ ತೇಪೆ ಎಂದರೆ ಊಹೆ. ದ್ರವ ಊಹೆ ಮಾಡುವುದಿಲ್ಲ. ಗೀರಿನ ಹಿಂದೆ ನಿಜವಾಗಿ ಇದ್ದದ್ದನ್ನೇ ತೋರಿಸುತ್ತದೆ. ಹಳೆಯ ಚಿತ್ರಗಳಿಗೆ ಇದೇ ಮೇಲು ಎಂದು ನಾನು ನಂಬುತ್ತೇನೆ.

ಸಿನಿಮಾ ಉಳಿಸುವವರೂ ಇದೇ ದಾರಿ ಹಿಡಿಯುತ್ತಾರೆ. 1950ರ ದಶಕದಲ್ಲೇ ಫಿಲ್ಮ್ ಪ್ರಯೋಗಾಲಯಗಳು ರೀಲನ್ನು ದ್ರವದಲ್ಲಿ ಮುಳುಗಿಸಿಕೊಂಡೇ ಪ್ರಿಂಟು ತೆಗೆಯುವ ಯಂತ್ರಗಳನ್ನು ರೂಪಿಸಿದವು. ಇಂದಿಗೂ ಗೀರು ತುಂಬಿದ ಸಿನಿಮಾ ರೀಲುಗಳಿಗೆ ಅಂಥ ಸ್ಕ್ಯಾನರುಗಳಿವೆ. ಮೂಲ ನೆಗೆಟಿವ್ ಕಾಪಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮದೇ ಕನ್ನಡದ ಉದಾಹರಣೆ ಇದೆ. ಗಿರೀಶ ಕಾಸರವಳ್ಳಿ ಅವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಚಿತ್ರದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಅದರಿಂದ ಚಿತ್ರವನ್ನು ಮತ್ತೆ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ದ್ರವ ದೊಡ್ಡವರ ಕೈಯಲ್ಲಿದ್ದರೂ ನಿಮಗೆ ಮಾಡಲು ಕೆಲಸ ಬೇಕಾದಷ್ಟಿದೆ. ನೆಗೆಟಿವ್‌ಗಳನ್ನು ಅಂಚು ಹಿಡಿದೇ ಎತ್ತಿ. ಬಟ್ಟೆಯಿಂದ ಉಜ್ಜಬೇಡಿ, ರಬ್ಬರ್ ಬುಡ್ಡೆಯಿಂದ ಗಾಳಿ ಊದಿ ದೂಳು ತೆಗೆಯಿರಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಹುಳಿ ವಾಸನೆ ಬರುವ ಪಟ್ಟಿಗಳಿದ್ದರೆ ಅವನ್ನು ಬೇರೆ ಇಡಿ. ಅಸಿಟೇಟ್ ಕೆಡುವಾಗ ವಿನೆಗರಿನಲ್ಲಿರುವ ಆಮ್ಲವೇ ಹೊರಬರುತ್ತದೆ, ಅದು ಪಕ್ಕದ ಪಟ್ಟಿಗಳನ್ನೂ ಕೆಡಿಸುತ್ತದೆ. ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಉಳಿದವನ್ನೂ ಮೊದಲು ಒಣದಾಗಿಯೇ ಸ್ಕ್ಯಾನ್ ಮಾಡಿಸಿ, ಬಿಳಿ ಗೆರೆಗಳು ಬಹಳ ಇರುವವನ್ನು ಮಾತ್ರ ದ್ರವಕ್ಕೆ ಆರಿಸಿ.

ಸ್ಕ್ಯಾನಾದ ಚಿತ್ರಗಳನ್ನು ಅಜ್ಜ ಅಜ್ಜಿಯ ಮುಂದೆ ಇಡಿ. ಇವರು ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಿ. ನೆಗೆಟಿವ್‌ಗಳನ್ನು ಮಾತ್ರ ಎಸೆಯಲು ಬಿಡಬೇಡಿ. ಕಾಗದದ ಲಕೋಟೆಗಳಲ್ಲಿ ಹಾಕಿ, ಮನೆಯ ತಂಪಾದ, ಒಣ ಮೂಲೆಯಲ್ಲಿಡಿ.